ಟೇಬಲ್ ಹೆಸರಿನ ಉದ್ದ: ಓಆರ್‌ಎಂ ನಿಭಾಯಿಸುವ ಬಗೆ

ಡೇಟಾಬೇಸಿನಲ್ಲಿ ಟೇಬಲ್‌ಗೆ ಇಡುವ ಹೆಸರಿಗೆ ಒಂದು ಗರಿಷ್ಠ ಉದ್ದವಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಅದು 63 ಬೈಟ್, ಮೈಎಸ್‌ಕ್ಯೂಎಲ್‌ನಲ್ಲಿ 64 ಅಕ್ಷರ, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 128 ಅಕ್ಷರ. ಒರಾಕಲ್ ಬಹುಕಾಲ 30 ಬೈಟ್‌ಗೇ ನಿಂತಿತ್ತು, 12.2ನೇ ಆವೃತ್ತಿಯಲ್ಲಿ 128 ಬೈಟ್‌ಗೆ ಏರಿತು. ಫೈರ್‌ಬರ್ಡ್ 31ರಲ್ಲಿದ್ದು 4.0 ಆವೃತ್ತಿಯಲ್ಲಿ 63 ಅಕ್ಷರಕ್ಕೆ ಬಂತು. ಫೋನುಗಳಲ್ಲಿ, ಬ್ರೌಸರುಗಳಲ್ಲಿ ಸದ್ದಿಲ್ಲದೆ ಕೆಲಸ ಮಾಡುವ ಎಸ್‌ಕ್ಯೂಲೈಟ್‌ಗೆ ಇಂಥ ಮಿತಿಯೇ ಇಲ್ಲ. ಕೈಯಲ್ಲಿ ಎಸ್‌ಕ್ಯೂಎಲ್ ಬರೆಯುವವರಿಗೆ ಈ ಅಂಕಿಗಳು ಅಪರೂಪಕ್ಕೆ ಎದುರಾಗುತ್ತವೆ. ಹೆಸರುಗಳನ್ನು ತಂತ್ರಾಂಶವೇ ಹುಟ್ಟಿಸುವ ಕಡೆ, ಅಂದರೆ ಓಆರ್‌ಎಂ ಬಳಸುವ ಕಡೆ, ಇವು ದಿನನಿತ್ಯದ ವಿಚಾರ.

ಮಿತಿ ಬಂದದ್ದು ಡೇಟಾಬೇಸಿನ ಒಳರಚನೆಯಿಂದ. ತನ್ನಲ್ಲಿರುವ ಟೇಬಲ್, ಕಾಲಂ, ಇಂಡೆಕ್ಸ್‌ಗಳ ವಿವರವನ್ನು ಡೇಟಾಬೇಸ್ ಮತ್ತೆ ಟೇಬಲ್‌ಗಳಲ್ಲೇ ಬರೆದಿಡುತ್ತದೆ. ಇವಕ್ಕೆ ಕ್ಯಾಟಲಾಗ್ ಎಂದು ಹೆಸರು. ಪೋಸ್ಟ್‌ಗ್ರೆಸ್‌ನ ಕ್ಯಾಟಲಾಗಿನಲ್ಲಿ ಹೆಸರಿನ ಕಾಲಂ ಸರಿಯಾಗಿ 64 ಬೈಟ್ ಅಗಲ. ಕೊನೆಯ ಒಂದು ಬೈಟ್ ಹೆಸರು ಮುಗಿಯಿತೆಂದು ತೋರಿಸುವ ಸೊನ್ನೆಗೆ ಮೀಸಲು, ಉಳಿದದ್ದು 63. ಅಗಲ ಸ್ಥಿರವಾಗಿದ್ದರೆ ಸಾಲಿನ ಮುಂದಿನ ಅಂಶ ಎಲ್ಲಿ ಶುರುವಾಗುತ್ತದೆ ಎಂಬುದು ಲೆಕ್ಕ ಹಾಕದೆಯೇ ಗೊತ್ತಿರುತ್ತದೆ. ಪ್ರತಿ ಪ್ರಶ್ನೆಗೂ ಮುಟ್ಟಬೇಕಾದ ಕ್ಯಾಟಲಾಗಿಗೆ ಇದು ದೊಡ್ಡ ಅನುಕೂಲ. 2002ರ 7.3 ಆವೃತ್ತಿಗೆ ಮೊದಲು ಈ ಅಗಲ 32 ಬೈಟ್ ಮಾತ್ರ ಇತ್ತು. ಇಂದಿಗೂ ಅದನ್ನು ಬದಲಿಸಬೇಕೆಂದರೆ ಸೆಟ್ಟಿಂಗ್ ತಿದ್ದಿದರೆ ಸಾಲದು, ಮೂಲ ಸಂಕೇತದಲ್ಲಿರುವ ಸ್ಥಿರಾಂಕ ಬದಲಿಸಿ ಇಡೀ ತಂತ್ರಾಂಶವನ್ನೇ ಹೊಸದಾಗಿ ಕಂಪೈಲ್ ಮಾಡಬೇಕು. 1986ರ ಮೊದಲ ಎಸ್‌ಕ್ಯೂಎಲ್ ಮಾನಕ ಹೆಸರಿಗೆ ಕೊಟ್ಟದ್ದು 18 ಅಕ್ಷರ. 1992ರ ಮಾನಕ ಪೂರ್ಣ ಮಟ್ಟದಲ್ಲಿ ಅದನ್ನು 128ಕ್ಕೆ ಏರಿಸಿತು. ಟೇಬಲ್ ಹೆಸರನ್ನು ಮನುಷ್ಯನೇ ಯೋಚಿಸಿ, ಮನುಷ್ಯನೇ ಕೀಲಿಮಣೆಯಲ್ಲಿ ಒತ್ತುತ್ತಿದ್ದ ಕಾಲಕ್ಕೆ 18 ಕೂಡ ಸಾಕಾಗುತ್ತಿತ್ತು.

ಆ ಪರಿಸ್ಥಿತಿಯನ್ನು ಬದಲಿಸಿದ್ದು ಆಬ್ಜೆಕ್ಟ್-ರಿಲೇಷನಲ್ ಮ್ಯಾಪಿಂಗ್, ಚಿಕ್ಕದಾಗಿ ಓಆರ್‌ಎಂ. ಪ್ರೋಗ್ರಾಮರ್ ಬರೆಯುವ ಕ್ಲಾಸ್‌ಗಳಿಗೂ ಡೇಟಾಬೇಸಿನ ಟೇಬಲ್‌ಗಳಿಗೂ ನಡುವೆ ನಿಂತು, ಒಂದನ್ನು ಇನ್ನೊಂದಕ್ಕೆ ಹೊಂದಿಸುವ ತಂತ್ರಾಂಶ ಇದು. ಜಾವಾದಲ್ಲಿ ಹೈಬರ್ನೇಟ್, ಪೈಥಾನ್‌ನಲ್ಲಿ ಜಾಂಗೋ ಮತ್ತು ಎಸ್‌ಕ್ಯೂಎಲ್‌ಆಲ್ಕೆಮಿ, ರೂಬಿಯಲ್ಲಿ ರೇಲ್ಸ್‌ನ ಆ್ಯಕ್ಟಿವ್ ರೆಕಾರ್ಡ್, ಪಿಎಚ್‌ಪಿಯಲ್ಲಿ ಡಾಕ್ಟ್ರಿನ್, ಡಾಟ್‌ನೆಟ್‌ನಲ್ಲಿ ಎಂಟಿಟಿ ಫ್ರೇಮ್‌ವರ್ಕ್ ಕೋರ್ ಇವುಗಳಲ್ಲಿ ಪ್ರಸಿದ್ಧ. ಇವು ಸಾಮಾನ್ಯವಾಗಿ ಹೆಸರನ್ನು ಕೇಳುವುದಿಲ್ಲ, ಜೋಡಿಸಿ ತಯಾರಿಸುತ್ತವೆ. ಜಾಂಗೋ ಆ್ಯಪ್‌ನ ಹೆಸರಿಗೆ ಅಡಿಗೆರೆ ಹಾಕಿ ಕ್ಲಾಸ್‌ನ ಹೆಸರು ಸೇರಿಸುತ್ತದೆ. ಎರಡು ಕ್ಲಾಸ್‌ಗಳ ನಡುವೆ ಹಲವರಿಂದ ಹಲವರಿಗೆ ಸಂಬಂಧವಿದ್ದರೆ ನಡುವೆ ಮೂರನೆಯ ಟೇಬಲ್ ಬೇಕು. ಅದರ ಹೆಸರು ಮೊದಲ ಟೇಬಲ್‌ನ ಪೂರ್ತಿ ಹೆಸರು, ಅಡಿಗೆರೆ, ಆಮೇಲೆ ಫೀಲ್ಡ್‌ನ ಹೆಸರು. ಫಾರಿನ್ ಕೀ ನಿರ್ಬಂಧದ ಹೆಸರಿನಲ್ಲಂತೂ ಎರಡೂ ಕಡೆಯ ಟೇಬಲ್ ಮತ್ತು ಕಾಲಂಗಳು ಬಂದು ಕೂರುತ್ತವೆ. ಕ್ಲಾಸ್‌ಗೆ ಅರ್ಥಪೂರ್ಣವಾದ ಉದ್ದ ಹೆಸರಿಡುವುದು ಒಳ್ಳೆಯ ಅಭ್ಯಾಸ. ಆ ಒಳ್ಳೆಯ ಅಭ್ಯಾಸವೇ ಮೂರು ನಾಲ್ಕು ಪಟ್ಟು ಬೆಳೆದು 63ನ್ನು, 30ನ್ನು ದಾಟುತ್ತದೆ.

ಮಿತಿ ಮೀರಿದ ಹೆಸರು ಬಂದಾಗ ಎಲ್ಲ ಡೇಟಾಬೇಸ್‌ಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಒರಾಕಲ್ 00972 ಸಂಖ್ಯೆಯ ದೋಷ ತೋರಿಸಿ ನಿರಾಕರಿಸುತ್ತದೆ. ಮೈಎಸ್‌ಕ್ಯೂಎಲ್ 1059ನೇ ದೋಷ ಕೊಡುತ್ತದೆ. ಇವೆರಡೂ ಒಳ್ಳೆಯ ನಡವಳಿಕೆಗಳೇ, ಏಕೆಂದರೆ ತಪ್ಪು ಹುಟ್ಟಿದ ಜಾಗದಲ್ಲೇ ಗೊತ್ತಾಗುತ್ತದೆ. ಪೋಸ್ಟ್‌ಗ್ರೆಸ್ ಬೇರೆ ದಾರಿ ಹಿಡಿದಿದೆ: 63 ಬೈಟ್‌ಗಳ ಆಚೆ ಇರುವುದನ್ನು ಕತ್ತರಿಸಿ, ಹೀಗೆ ಮಾಡಿದೆ ಎಂಬ ಸೂಚನೆಯೊಂದನ್ನು ಕಳಿಸಿ, ಕೆಲಸ ಮುಂದುವರಿಸುತ್ತದೆ. ಆ ಸೂಚನೆ ದೋಷವಲ್ಲ. ಓಆರ್‌ಎಂ ಮೂಲಕ ಕೆಲಸ ನಡೆಯುವಾಗ ಅದು ಯಾರ ಕಣ್ಣಿಗೂ ಬೀಳದೆ ಹೋಗುವುದೇ ಹೆಚ್ಚು.

ಕತ್ತರಿಸಿದ ಹೆಸರು ಬಹುಕಾಲ ತೊಂದರೆ ಕೊಡದೇ ಇರಬಹುದು. ಓಆರ್‌ಎಂ ಮುಂದಿನ ಪ್ರಶ್ನೆಯಲ್ಲಿ ಮತ್ತೆ ಉದ್ದ ಹೆಸರನ್ನೇ ಬರೆದರೂ ಪೋಸ್ಟ್‌ಗ್ರೆಸ್ ಅದನ್ನೂ ಅಷ್ಟಕ್ಕೇ ಕತ್ತರಿಸಿ, ಸರಿಯಾದ ಟೇಬಲ್ಲನ್ನೇ ಹುಡುಕಿ ಕೊಡುತ್ತದೆ. ಕಷ್ಟ ಶುರುವಾಗುವುದು ಎರಡು ಕಡೆ. ಒಂದು, ಟೇಬಲ್‌ಗಳ ರಚನೆಯನ್ನು ಬದಲಿಸುವ ಮೈಗ್ರೇಶನ್ ಸಾಧನಗಳಲ್ಲಿ. ಕೋಡಿನಲ್ಲಿರುವ ಟೇಬಲ್‌ಗಳ ಪಟ್ಟಿಯನ್ನೂ ಡೇಟಾಬೇಸಿನಲ್ಲಿರುವ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವ ಸಾಧನಕ್ಕೆ ಪೂರ್ಣ ಹೆಸರಿನ ಟೇಬಲ್ ಕಾಣೆಯಾದಂತೆಯೂ, ಕತ್ತರಿಸಿದ ಹೆಸರಿನದ್ದು ಎಲ್ಲಿಂದಲೋ ಬಂದ ಅಪರಿಚಿತದಂತೆಯೂ ಕಾಣುತ್ತದೆ. ಕಾಣೆಯಾದದ್ದನ್ನು ಸೃಷ್ಟಿಸಿ ಅಪರಿಚಿತವಾದದ್ದನ್ನು ಅಳಿಸು ಎಂದು ಅದು ಸಲಹೆ ಕೊಟ್ಟರೆ, ಅಳಿಯುವುದು ನಿಜವಾದ ಮಾಹಿತಿ. ಎರಡನೆಯದು, ಮೊದಲ 63 ಬೈಟ್‌ಗಳು ಒಂದೇ ಆಗಿರುವ ಎರಡು ಹೆಸರುಗಳು. ಎರಡನೇ ಟೇಬಲ್ ಸೃಷ್ಟಿಸಲು ಹೋದಾಗ ಈ ಹೆಸರಿನದು ಈಗಾಗಲೇ ಇದೆ ಎಂಬ ದೋಷ ಬಂದರೆ ಪುಣ್ಯ. ಸೃಷ್ಟಿಯ ಆದೇಶದಲ್ಲಿ ‘ಇಲ್ಲದಿದ್ದರೆ ಮಾತ್ರ’ ಎಂಬ ಷರತ್ತು ಇದ್ದರೆ ಆ ದೋಷವೂ ಬರುವುದಿಲ್ಲ. ಎರಡು ಕ್ಲಾಸ್‌ಗಳು ಒಂದೇ ಟೇಬಲ್‌ನ ಮೇಲೆ ಕುಳಿತುಬಿಡುತ್ತವೆ. ಕಾಲಂಗಳು ಹೊಂದದಿದ್ದರೆ ಬೇಗ ಬಯಲಾಗುತ್ತದೆ. ಹೊಂದಿದರೆ ಎರಡು ಬಗೆಯ ದಾಖಲೆಗಳು ಒಂದರೊಳಗೊಂದು ಬೆರೆಯುತ್ತಾ ಹೋಗುತ್ತವೆ.

ಆದ್ದರಿಂದ ಕತ್ತರಿಸುವ ಕೆಲಸವನ್ನು ಡೇಟಾಬೇಸಿಗೆ ಬಿಡದೆ ಓಆರ್‌ಎಂ ತಾನೇ ವಹಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ಮೊದಲು ಎದುರಿಗಿರುವ ಡೇಟಾಬೇಸಿನ ಮಿತಿ ಎಷ್ಟೆಂದು ಗೊತ್ತಿರಬೇಕು. ಜಾಂಗೋದಲ್ಲಿ ಪ್ರತಿ ಡೇಟಾಬೇಸಿನ ಜೋಡಣಾ ಭಾಗವೂ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ: ಪೋಸ್ಟ್‌ಗ್ರೆಸ್‌ಗೆ 63, ಮೈಎಸ್‌ಕ್ಯೂಎಲ್‌ಗೆ 64, ಒರಾಕಲ್‌ಗೆ 30, ಎಸ್‌ಕ್ಯೂಲೈಟ್‌ಗೆ ಮಿತಿಯಿಲ್ಲ. ಎಸ್‌ಕ್ಯೂಎಲ್‌ಆಲ್ಕೆಮಿ, ಡಾಕ್ಟ್ರಿನ್, ಎಂಟಿಟಿ ಫ್ರೇಮ್‌ವರ್ಕ್ ಕೋರ್‌ಗಳಲ್ಲೂ ಇಂಥದೇ ವ್ಯವಸ್ಥೆಯಿದೆ. ಮಿತಿ ಗೊತ್ತಾದ ಮೇಲೆ ಎರಡು ದಾರಿ. ಒಂದು, ಪ್ರೋಗ್ರಾಮರ್‌ಗೆ ನೇರವಾಗಿ ಇಲ್ಲ ಎನ್ನುವುದು. ರೇಲ್ಸ್ ಬಹುಕಾಲ ಉದ್ದವಾದ ಇಂಡೆಕ್ಸ್ ಹೆಸರುಗಳಿಗೆ ಹೀಗೆ ಮಾಡುತ್ತಿತ್ತು; 7.1 ಆವೃತ್ತಿಯಿಂದ ಅದೂ ತಾನೇ ಮೊಟಕುಗೊಳಿಸುತ್ತದೆ. ಎರಡನೆಯ ದಾರಿ, ಹೆಸರನ್ನು ಮೊಟಕುಗೊಳಿಸಿ, ಆದರೆ ಬೇರೆಯ ಹೆಸರಿನ ಜೊತೆ ಬೆರೆಯದಂತೆ ಗುರುತು ಹಾಕುವುದು.

ಈ ಗುರುತು ಹಾಕುವ ವಿಧಾನದಲ್ಲೇ ಇಡೀ ವಿಷಯದ ತಿರುಳಿದೆ. ಜಾಂಗೋ ಪೂರ್ಣ ಹೆಸರನ್ನು ಎಂಡಿ5 ಎಂಬ ಹ್ಯಾಶ್ ಸೂತ್ರಕ್ಕೆ ಕೊಟ್ಟು, ಬಂದ ಉತ್ತರದ ನಾಲ್ಕು ಅಂಕಿಗಳನ್ನು ತೆಗೆದುಕೊಳ್ಳುತ್ತದೆ. ಒರಾಕಲ್‌ನ 30ರ ಮಿತಿಯಲ್ಲಿ ಹೆಸರಿನ ಮೊದಲ 26 ಅಕ್ಷರ, ಅದರ ಬೆನ್ನಿಗೆ ಈ ನಾಲ್ಕು. ಹ್ಯಾಶ್ ಎಂದರೆ ಯಾವುದೇ ಉದ್ದದ ಪಠ್ಯವನ್ನು ನಿಗದಿತ ಉದ್ದದ ಸಂಖ್ಯೆಯಾಗಿ ಅರೆಯುವ ಲೆಕ್ಕ. ಪಠ್ಯದಲ್ಲಿ ಒಂದಕ್ಷರ ಬದಲಾದರೂ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಬಾಲದಲ್ಲಿ ಮಾತ್ರ ವ್ಯತ್ಯಾಸವಿರುವ ಎರಡು ಉದ್ದ ಹೆಸರುಗಳನ್ನು ಸುಮ್ಮನೆ ಕತ್ತರಿಸಿದರೆ ಒಂದೇ ಆಗುತ್ತವೆ, ಹ್ಯಾಶ್ ಅಂಟಿಸಿದರೆ ಬೇರೆಬೇರೆ ಉಳಿಯುತ್ತವೆ.

ಹ್ಯಾಶ್‌ನ ಇನ್ನೊಂದು ಗುಣ ಇದಕ್ಕಿಂತ ಮುಖ್ಯ. ಅದೇ ಪಠ್ಯ ಕೊಟ್ಟರೆ ಅದೇ ಉತ್ತರ, ಇವತ್ತೂ ನಾಳೆಯೂ, ಬೆಂಗಳೂರಿನ ಸರ್ವರ್‌ನಲ್ಲೂ ಮನೆಯ ಲ್ಯಾಪ್‌ಟಾಪಿನಲ್ಲೂ. ಟೇಬಲ್ ಹೆಸರು ಡಿಸ್ಕಿನಲ್ಲಿ ವರ್ಷಗಟ್ಟಲೆ ಉಳಿಯುವಂಥದ್ದು. ಇಂದು ಹುಟ್ಟಿಸಿದ ಮೊಟಕು ಹೆಸರನ್ನು ಓಆರ್‌ಎಂ ಎಲ್ಲೂ ಬರೆದಿಡುವುದಿಲ್ಲ. ಪ್ರೋಗ್ರಾಂ ಪ್ರತಿ ಬಾರಿ ಶುರುವಾದಾಗಲೂ ಅದೇ ಲೆಕ್ಕ ಮಾಡಿ ಅದೇ ಹೆಸರಿಗೆ ತಲುಪಬೇಕು. ಪೈಥಾನ್ ಭಾಷೆಯಲ್ಲೇ ಒಂದು ಹ್ಯಾಶ್ ಸೌಲಭ್ಯವಿದೆ. ಆದರೆ 3.3 ಆವೃತ್ತಿಯಿಂದ ಪಠ್ಯಗಳಿಗೆ ಅದು ಕೊಡುವ ಉತ್ತರ, ಸುರಕ್ಷತೆಯ ಕಾರಣಕ್ಕೆ, ಪ್ರೋಗ್ರಾಂ ಶುರುವಾದಾಗಲೆಲ್ಲ ಬೇರೆಯಾಗುತ್ತದೆ. ಅದನ್ನು ನಂಬಿ ಟೇಬಲ್‌ಗೆ ಹೆಸರಿಟ್ಟರೆ ಮರುದಿನ ಟೇಬಲ್ ಸಿಗುವುದಿಲ್ಲ. ಎಂಡಿ5 ಗುಪ್ತಲಿಪಿಯ ಕೆಲಸಕ್ಕೆ ಯೋಗ್ಯವಲ್ಲ ಎಂದು ಎಂದೋ ಸಾಬೀತಾಗಿದೆ. ಇಲ್ಲಿ ಬೇಕಾದದ್ದು ಗುಟ್ಟು ಕಾಯುವ ಗುಣವಲ್ಲ, ಮಾತು ತಪ್ಪದ ಗುಣ. ಅದು ಎಂಡಿ5ಕ್ಕೆ ಇದೆ.

ನಾಲ್ಕು ಅಂಕಿ ಸಾಕೇ ಎಂಬ ಪ್ರಶ್ನೆ ಸಹಜ. ಇವು ಹದಿನಾರರ ಪದ್ಧತಿಯ ಅಂಕಿಗಳಾದ್ದರಿಂದ ಒಟ್ಟು 65,536 ಬೇರೆಬೇರೆ ಗುರುತುಗಳು ಸಾಧ್ಯ. ಸಂಭವನೀಯತೆಯ ಲೆಕ್ಕದಂತೆ ಸುಮಾರು 300 ಹೆಸರುಗಳಿದ್ದರೆ ಯಾವುದಾದರೂ ಎರಡಕ್ಕೆ ಒಂದೇ ಗುರುತು ಬೀಳುವ ಸಾಧ್ಯತೆ ಅರ್ಧದಷ್ಟಾಗುತ್ತದೆ. ಕೇಳಿದಾಗ ಅಪಾಯಕಾರಿ ಎನಿಸುತ್ತದೆ. ಆದರೆ ಡಿಕ್ಕಿಯಾಗಲು ಗುರುತು ಒಂದೇ ಆದರೆ ಸಾಲದು, ಮೊದಲ 26 ಅಕ್ಷರಗಳೂ ಒಂದೇ ಆಗಿರಬೇಕು. ಹಾಗಿರುವ 300 ಟೇಬಲ್‌ಗಳು ಒಂದೇ ಯೋಜನೆಯಲ್ಲಿ ಸೇರುವುದು ವಿರಳ. ಟೇಬಲ್ ಹೆಸರಿಗೆ ನಾಲ್ಕಂಕಿ ಸಾಕೆಂಬ ನಿರ್ಧಾರ ಸಮಂಜಸವೇ.

ಇಂಡೆಕ್ಸ್ ಮತ್ತು ನಿರ್ಬಂಧಗಳ ಸಂಖ್ಯೆ ಟೇಬಲ್‌ಗಳಿಗಿಂತ ಎಷ್ಟೋ ಹೆಚ್ಚು, ಹೆಸರುಗಳೂ ಹೆಚ್ಚು ಉದ್ದ. ಅಲ್ಲಿ ಪ್ರತಿ ಓಆರ್‌ಎಂ ತನ್ನದೇ ಸೂತ್ರ ಕಂಡುಕೊಂಡಿದೆ. ಜಾಂಗೋದಲ್ಲಿ ಮಾಡೆಲ್‌ನೊಳಗೆ, ಅಂದರೆ ಟೇಬಲ್‌ಗೆ ಹೊಂದಿಕೊಳ್ಳುವ ಕ್ಲಾಸ್‌ನೊಳಗೆ, ಘೋಷಿಸಿದ ಇಂಡೆಕ್ಸ್‌ಗೆ ಹೆಸರು ಕೊಡದಿದ್ದರೆ ಟೇಬಲ್ ಹೆಸರಿನ 11 ಅಕ್ಷರ, ಮೊದಲ ಕಾಲಂನ 7, ಹ್ಯಾಶ್‌ನ 6, ಕೊನೆಗೆ ಇಂಡೆಕ್ಸ್ ಎಂದು ಸೂಚಿಸುವ 3, ನಡುವೆ ಮೂರು ಅಡಿಗೆರೆ. ಒಟ್ಟು ಸರಿಯಾಗಿ 30. ಬಳಸುತ್ತಿರುವುದು ಪೋಸ್ಟ್‌ಗ್ರೆಸ್ ಆಗಿದ್ದರೂ 30ರೊಳಗೇ ಇರುವುದರಿಂದ ಅದೇ ಕೋಡನ್ನು ಯಾವ ಡೇಟಾಬೇಸಿಗಾದರೂ ಒಯ್ಯಬಹುದು. ಹೈಬರ್ನೇಟ್ ಇನ್ನೂ ಮುಂದೆ ಹೋಗಿ, ಫಾರಿನ್ ಕೀ ಹೆಸರಿನಲ್ಲಿ ಓದಬಲ್ಲ ಭಾಗವನ್ನೇ ಕೈಬಿಟ್ಟಿದೆ. ಎಂಡಿ5 ಕೊಡುವ 128 ಬಿಟ್‌ಗಳ ಸಂಖ್ಯೆಯನ್ನು ಅಂಕಿ ಮತ್ತು ಅಕ್ಷರ ಎರಡನ್ನೂ ಬಳಸುವ 35ರ ಪದ್ಧತಿಯಲ್ಲಿ ಬರೆಯುತ್ತದೆ. ಆಗ ಅದು ಹೆಚ್ಚೆಂದರೆ 25 ಸ್ಥಾನ ಹಿಡಿಯುತ್ತದೆ. ಮುಂದೆ ಎರಡಕ್ಷರದ ಸೂಚಕ ಸೇರಿ 27. ಯಾವ ಹಳೆಯ ಒರಾಕಲ್‌ಗೂ ಇದು ದಾಟಲಾಗದ ಗೋಡೆಯಲ್ಲ. ಡಾಕ್ಟ್ರಿನ್ ಟೇಬಲ್ ಮತ್ತು ಕಾಲಂಗಳ ಹೆಸರನ್ನು ಒಂದೊಂದಾಗಿ ಸಿಆರ್‌ಸಿ32 ಸೂತ್ರಕ್ಕೆ ಕೊಟ್ಟು ಉತ್ತರಗಳನ್ನು ಸಾಲಾಗಿ ಜೋಡಿಸುತ್ತದೆ. ಹಾಗಾಗಿ ಜಗತ್ತಿನ ಯಾವ ಯೋಜನೆಯಲ್ಲೇ ಆಗಲಿ, ಒಂದೇ ಹೆಸರಿನ ಟೇಬಲ್‌ನ ಇಂಡೆಕ್ಸ್‌ಗಳಲ್ಲಿ, ಮುಂದಿನ ಸೂಚಕದ ನಂತರ, ಅದೇ ಅಂಕಿಗಳು ಬರುತ್ತವೆ. ಎಂಟಿಟಿ ಫ್ರೇಮ್‌ವರ್ಕ್ ಕೋರ್ ಹ್ಯಾಶ್ ಬಳಸದೆ, ಕತ್ತರಿಸಿದ ಕಡೆ ಟಿಲ್ಡೆ ಚಿಹ್ನೆ ಇಟ್ಟು, ಡಿಕ್ಕಿಯಾದರೆ ಸಂಖ್ಯೆ ಸೇರಿಸುತ್ತದೆ. ಇದು ಓದಲು ಸುಲಭ, ಆದರೆ ಯಾವ ಹೆಸರಿಗೆ ಯಾವ ಸಂಖ್ಯೆ ಎಂಬುದು ಜೊತೆಗಿರುವ ಇತರ ಹೆಸರುಗಳನ್ನು ಅವಲಂಬಿಸುತ್ತದೆ.

ದೋಷದ ಸಂದೇಶದಲ್ಲಿ ಬರೀ ಹ್ಯಾಶ್ ಕಂಡರೆ ಯಾವ ಟೇಬಲ್‌ನ ಯಾವ ನಿರ್ಬಂಧ ಮುರಿಯಿತೆಂದು ರಾತ್ರಿ ಹೊತ್ತು ಸರ್ವರ್ ನೋಡಿಕೊಳ್ಳುವವರಿಗೆ ತಿಳಿಯುವುದಿಲ್ಲ. ಈ ಕಾರಣಕ್ಕೆ ಜಾಂಗೋದ ಮಿಶ್ರ ವಿಧಾನವೇ ಮೇಲು: ಮುಂದೆ ಮನುಷ್ಯರಿಗಾಗಿ ಒಂದಿಷ್ಟು, ಹಿಂದೆ ಯಂತ್ರಕ್ಕಾಗಿ ಒಂದಿಷ್ಟು. ಪೋಸ್ಟ್‌ಗ್ರೆಸ್ ಕೂಡ ತಾನೇ ಹುಟ್ಟಿಸುವ ಹೆಸರುಗಳಲ್ಲಿ ಈ ವಿವೇಕ ತೋರಿಸುತ್ತದೆ. ತಾನಾಗಿ ಏರುವ ಸಂಖ್ಯೆಗಳ ಸೀಕ್ವೆನ್ಸ್‌ಗೆ ಹೆಸರಿಡುವಾಗ ಟೇಬಲ್ ಮತ್ತು ಕಾಲಂ ಎರಡರಲ್ಲಿ ಯಾವುದು ಉದ್ದವೋ ಅದನ್ನು ಮೊದಲು ಮೊಟಕುಗೊಳಿಸುತ್ತದೆ, ಕೊನೆಯ ಸೂಚಕವನ್ನು ಮುಟ್ಟುವುದಿಲ್ಲ.

ಎಲ್ಲ ಹೆಸರಿಗೂ ಇಷ್ಟು ಎಚ್ಚರ ಬೇಕಿಲ್ಲ. ಒಂದು ಪ್ರಶ್ನೆಯೊಳಗೆ ಕಾಲಂಗಳಿಗೆ ಓಆರ್‌ಎಂ ಕೊಡುವ ತಾತ್ಕಾಲಿಕ ಹೆಸರು, ಅಂದರೆ ಅಲಿಯಾಸ್, ಆ ಪ್ರಶ್ನೆಯೊಂದಿಗೇ ಮುಗಿಯುತ್ತದೆ. ಎಸ್‌ಕ್ಯೂಎಲ್‌ಆಲ್ಕೆಮಿ ಇಂಥ ಉದ್ದ ಹೆಸರುಗಳನ್ನು ಕತ್ತರಿಸಿ ಕೊನೆಗೆ ಏರುವ ಎಣಿಕೆಯೊಂದನ್ನು ಸೇರಿಸುತ್ತದೆ, ಅಷ್ಟೇ. ಇಂಡೆಕ್ಸ್, ನಿರ್ಬಂಧಗಳಿಗೆ ನಾಮಕರಣದ ನಿಯಮದಿಂದ ಹುಟ್ಟುವ ಹೆಸರು ಉದ್ದವಾದರೆ ಎಂಡಿ5ರ ನಾಲ್ಕಂಕಿಗೆ ಹೋಗುತ್ತದೆ. ಪ್ರೋಗ್ರಾಮರ್ ತಾನಾಗಿಯೇ ಕೊಟ್ಟ ಟೇಬಲ್ ಹೆಸರು ಉದ್ದವಾದರೆ ಮಾತ್ರ ಅದು ತಿದ್ದುವುದಿಲ್ಲ, ದೋಷವೆಂದು ಹೇಳಿ ನಿಲ್ಲುತ್ತದೆ. ಹೆಸರಿನ ಆಯುಷ್ಯ ಮತ್ತು ಅದನ್ನು ಇಟ್ಟವರು ಯಾರು ಎಂಬ ಎರಡನ್ನೂ ನೋಡಿ ಮೂರು ಬೇರೆ ನಡವಳಿಕೆ ಇಟ್ಟುಕೊಂಡಿರುವುದು ಈ ಕ್ಷೇತ್ರದಲ್ಲಿ ಕಾಣುವ ಅತ್ಯಂತ ಪ್ರಬುದ್ಧ ವಿನ್ಯಾಸ.

ಬೈಟ್ ಮತ್ತು ಅಕ್ಷರದ ವ್ಯತ್ಯಾಸ ಇಂಗ್ಲಿಷ್ ಹೆಸರುಗಳಲ್ಲಿ ಮರೆಯಾಗಿರುತ್ತದೆ, ಏಕೆಂದರೆ ಅಲ್ಲಿ ಅಕ್ಷರಕ್ಕೊಂದೇ ಬೈಟ್. ಕನ್ನಡದಲ್ಲಿ ಹಾಗಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ 3 ಬೈಟ್. ಕಾಗುಣಿತದ ಚಿಹ್ನೆ, ಹಲಂತ ಎಲ್ಲವೂ ಪ್ರತ್ಯೇಕ ಸಂಕೇತಗಳು. ‘ವಿದ್ಯಾರ್ಥಿ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್‌ಗೆ 10 ಸಂಕೇತ, ಡಿಸ್ಕಿಗೆ 30 ಬೈಟ್. ಹಳೆಯ ಒರಾಕಲ್‌ನ ಮಿತಿಯನ್ನು ಇದೊಂದೇ ಪದ ತುಂಬಿಬಿಡುತ್ತದೆ. ಪೋಸ್ಟ್‌ಗ್ರೆಸ್‌ನ 63 ಬೈಟ್‌ಗಳಲ್ಲಿ 21 ಸಂಕೇತ ಹಿಡಿಯುತ್ತವೆ. ಅಕ್ಷರ ಎಣಿಸುವ ಮೈಎಸ್‌ಕ್ಯೂಎಲ್‌ನಲ್ಲಿ 64 ಸಂಕೇತಗಳಿಗೆ ಅವಕಾಶವಿದೆ.

ಪೈಥಾನ್ 3ರಲ್ಲಿ ಕ್ಲಾಸ್‌ಗೆ ಕನ್ನಡದಲ್ಲೇ ಹೆಸರಿಡಬಹುದು. ‘ವಿದ್ಯಾರ್ಥಿವೇತನ’ ಎಂಬ ಆ್ಯಪ್‌ನಲ್ಲಿ ‘ಅರ್ಜಿದಾರ’ ಮತ್ತು ‘ಅರ್ಜಿದಾಖಲೆ’ ಎಂಬ ಎರಡು ಕ್ಲಾಸ್‌ಗಳಿವೆ ಎಂದುಕೊಳ್ಳೋಣ. ಜಾಂಗೋ ಕಟ್ಟುವ ಹೆಸರುಗಳು ‘ವಿದ್ಯಾರ್ಥಿವೇತನ_ಅರ್ಜಿದಾರ’ ಮತ್ತು ‘ವಿದ್ಯಾರ್ಥಿವೇತನ_ಅರ್ಜಿದಾಖಲೆ’. ಸಂಕೇತಗಳ ಲೆಕ್ಕದಲ್ಲಿ ಇವು 23 ಮತ್ತು 25. ಜಾಂಗೋ ಎಣಿಸುವುದು ಸಂಕೇತಗಳನ್ನು, ಆದ್ದರಿಂದ ಎರಡೂ 63ರೊಳಗಿವೆ ಎಂದು ತೀರ್ಮಾನಿಸಿ ಹ್ಯಾಶ್ ಅಂಟಿಸದೆ ಮುಂದೆ ಕಳಿಸುತ್ತದೆ. ಪೋಸ್ಟ್‌ಗ್ರೆಸ್ ಎಣಿಸುವುದು ಬೈಟ್‌ಗಳನ್ನು: ಮೊದಲನೆಯದು 67, ಎರಡನೆಯದು 73. ಎರಡನ್ನೂ ಅದು ಕತ್ತರಿಸುತ್ತದೆ. ಒಂದು ಸಂಕೇತದ ಮೂರು ಬೈಟ್‌ಗಳ ನಡುವೆ ಕತ್ತರಿ ಹಾಕದಷ್ಟು ಎಚ್ಚರ ಅದಕ್ಕಿದೆ, ಹಾಗಾಗಿ 61 ಬೈಟ್‌ಗೆ ನಿಲ್ಲುತ್ತದೆ. ಆದರೆ ಅಕ್ಷರದ ನಡುವೆ ಕತ್ತರಿಸದಿರಲು ಅದಕ್ಕೆ ತಿಳಿಯದು. ‘ದಾ’ದ ದೀರ್ಘ ಕಳಚಿ ಬೀಳುತ್ತದೆ. ಎರಡು ಟೇಬಲ್‌ಗಳಿಗೂ ಉಳಿಯುವ ಹೆಸರು ಒಂದೇ, ‘ವಿದ್ಯಾರ್ಥಿವೇತನ_ಅರ್ಜಿದ’. ಎರಡನೆಯದನ್ನು ಸೃಷ್ಟಿಸುವಾಗ ಮೈಗ್ರೇಶನ್ ಮುರಿದು ಬೀಳುತ್ತದೆ, ಮತ್ತು ದೋಷದ ಸಂದೇಶದಲ್ಲಿ ಕೋಡಿನಲ್ಲೆಲ್ಲೂ ಇಲ್ಲದ ಹೆಸರು ಕಾಣುತ್ತದೆ. ಭಾರತದ ಬಹುತೇಕ ಪ್ರಮುಖ ಲಿಪಿಗಳಿಗೂ ಸಂಕೇತಕ್ಕೆ ಮೂರು ಬೈಟ್ ಆದ್ದರಿಂದ ಇದು ಕನ್ನಡವೊಂದರ ತೊಂದರೆಯಲ್ಲ. ಉದ್ದವನ್ನು ಅಳೆಯುವ ಮೊದಲು ಹೆಸರನ್ನು ಯುಟಿಎಫ್-8 ಬೈಟ್‌ಗಳಾಗಿ ಬದಲಿಸಿಕೊಳ್ಳುವುದೇ ಓಆರ್‌ಎಂ ಮಾಡಬೇಕಾದ ಸರಿಯಾದ ಕೆಲಸ. ಅಲ್ಲಿಯವರೆಗೆ ಕನ್ನಡದಲ್ಲಿ ಕ್ಲಾಸ್ ಬರೆಯುವವರು ಟೇಬಲ್‌ಗೆ ತಾವೇ ಚಿಕ್ಕ ಹೆಸರು ಕೊಡುವುದು ಕ್ಷೇಮ.

ಮಿತಿ ಹೆಚ್ಚಾದರೆ ಎಲ್ಲ ಸರಿಹೋಗುತ್ತದೆ ಎಂಬ ನಿರೀಕ್ಷೆಯೂ ಪೂರ್ತಿ ನಿಜವಲ್ಲ. ಒರಾಕಲ್ 128ಕ್ಕೆ ಏರಿದ ಮೇಲೆ ಎಸ್‌ಕ್ಯೂಎಲ್‌ಆಲ್ಕೆಮಿ 1.4 ಹೊಸ ಒರಾಕಲ್‌ಗಳಿಗೆ 128ನ್ನೇ ಮಿತಿಯಾಗಿ ಹಿಡಿಯಿತು. ಆಗ ಹಳೆಯ ಯೋಜನೆಗಳಲ್ಲಿ ವಿಚಿತ್ರ ಸ್ಥಿತಿ ಎದುರಾಗುವುದು ಸಾಧ್ಯವಾಯಿತು. 30ರ ಕಾಲದಲ್ಲಿ ಸೃಷ್ಟಿಯಾದ ನಿರ್ಬಂಧ ಡೇಟಾಬೇಸಿನಲ್ಲಿ ಮೊಟಕು ಹೆಸರಿನಲ್ಲಿದೆ. ಈಗ ಅದನ್ನು ಕಿತ್ತುಹಾಕುವ ಮೈಗ್ರೇಶನ್ ಓಡಿಸಿದರೆ ಓಆರ್‌ಎಂ 128ರ ಲೆಕ್ಕದಲ್ಲಿ ಪೂರ್ಣ ಹೆಸರನ್ನು ಹುಟ್ಟಿಸುತ್ತದೆ. ಆ ಹೆಸರಿನ ನಿರ್ಬಂಧವೇ ಇಲ್ಲ. ಹ್ಯಾಶ್ ಸೂತ್ರ ಬದಲಾಗಿಲ್ಲ, ಕೋಡ್ ಬದಲಾಗಿಲ್ಲ, ಬದಲಾದದ್ದು ಮಿತಿಯ ಅಂಕಿ ಮಾತ್ರ. ಮೊಟಕು ಹೆಸರು ಮೂಲ ಹೆಸರನ್ನಷ್ಟೇ ಅಲ್ಲ, ಅಂದಿನ ಮಿತಿಯನ್ನೂ ಅವಲಂಬಿಸಿದೆ ಎಂಬುದು ಇಲ್ಲಿ ಎದ್ದು ಕಾಣುತ್ತದೆ. ಇದಕ್ಕೆಂದೇ ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಸಂಪರ್ಕ ಸ್ಥಾಪಿಸುವಾಗ ಮಿತಿಯನ್ನು 30 ಎಂದು ಹಿಡಿದಿಡುವ ಆಯ್ಕೆಯಿದೆ. ಜಾಂಗೋ ಒರಾಕಲ್‌ಗೆ 30ನ್ನೇ ಉಳಿಸಿಕೊಂಡಿದೆ. ಹೊಸ ಅವಕಾಶ ಕೈತಪ್ಪಿದಂತೆ ಕಂಡರೂ, ಹಳೆಯ ಹೆಸರುಗಳೆಲ್ಲ ಇದ್ದಲ್ಲೇ ಸಿಗುತ್ತವೆ.

ಇದೆಲ್ಲದರಿಂದ ದೂರವಿರಲು ಪ್ರತಿ ಓಆರ್‌ಎಂನಲ್ಲೂ ಟೇಬಲ್‌ಗೆ ನೇರವಾಗಿ ಹೆಸರು ಬರೆಯುವ ಸೌಲಭ್ಯವಿದೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಸಾಮಾನ್ಯವಾಗಿ ಅದನ್ನು ಬರೆಯಲೇಬೇಕು. ಉಳಿದವುಗಳಲ್ಲಿ ಬೇಕಿದ್ದರೆ ಬರೆಯಬಹುದು. ಉದ್ದವಾಗುವ ಸೂಚನೆ ಇರುವ ಟೇಬಲ್‌ಗಳಿಗೆ, ಮುಖ್ಯವಾಗಿ ಹಲವರಿಂದ ಹಲವರಿಗೆ ಸಂಬಂಧದ ನಡುವಿನ ಟೇಬಲ್‌ಗಳಿಗೆ, ಮೊದಲ ದಿನವೇ ಇದನ್ನು ಬಳಸುವುದು ಒಳ್ಳೆಯದು. ಹಾಗೆ ಕೊಟ್ಟ ಹೆಸರು ಕ್ಲಾಸ್‌ನ ಹೆಸರು ಬದಲಾದರೂ, ಓಆರ್‌ಎಂನ ಸೂತ್ರ ಬದಲಾದರೂ, ಡೇಟಾಬೇಸೇ ಬದಲಾದರೂ ಅಲುಗುವುದಿಲ್ಲ. ಪರೀಕ್ಷೆಯ ಮಟ್ಟಿಗೆ ಒಂದು ಮಾತು ಮುಖ್ಯ: ಲ್ಯಾಪ್‌ಟಾಪಿನಲ್ಲಿ ಎಸ್‌ಕ್ಯೂಲೈಟ್, ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಇಟ್ಟುಕೊಂಡ ಯೋಜನೆಯಲ್ಲಿ ಉದ್ದದ ತಪ್ಪು ಸರ್ವರ್ ತಲುಪುವವರೆಗೂ ಕಾಣುವುದಿಲ್ಲ. ಸರ್ವರ್‌ನಲ್ಲಿರುವ ಡೇಟಾಬೇಸಿನ ಮೇಲೆಯೇ ಪರೀಕ್ಷೆ ನಡೆಸಬೇಕು. ಜೊತೆಗೆ ಎಲ್ಲ ಮಾಡೆಲ್‌ಗಳ ಹೆಸರನ್ನು ಬೈಟ್‌ಗಳಲ್ಲಿ ಅಳೆದು, ಮೀರಿದ್ದರೆ ನಿಲ್ಲಿಸುವ ನಾಲ್ಕೈದು ಸಾಲಿನ ತಪಾಸಣೆಯೊಂದನ್ನು ಸೇರಿಸಬೇಕು.

ಈಗಾಗಲೇ ಮೊಟಕಾದ ಹೆಸರಿನಲ್ಲಿ ಮಾಹಿತಿ ತುಂಬಿದ್ದರೆ ಟೇಬಲ್ ಮುಟ್ಟುವ ಅಗತ್ಯವೇ ಇಲ್ಲದಿರಬಹುದು. ಕ್ಯಾಟಲಾಗಿನಲ್ಲಿರುವ ನಿಜವಾದ ಹೆಸರನ್ನು, ಹ್ಯಾಶ್ ಬಾಲವೂ ಸೇರಿದಂತೆ, ಹಾಗೆಯೇ ನಕಲು ಮಾಡಿ ಮಾಡೆಲ್‌ನಲ್ಲಿ ಬರೆದರೆ ಅಂದಿನಿಂದ ಲೆಕ್ಕದ ಮೇಲಿನ ಅವಲಂಬನೆ ತಪ್ಪುತ್ತದೆ. ಓದಲು ಚೆನ್ನಾಗಿರಬೇಕೆಂದರೆ ಮರುನಾಮಕರಣದ ಆದೇಶವಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಕ್ಯಾಟಲಾಗಿನ ಸಾಲನ್ನಷ್ಟೇ ಬದಲಿಸುವುದರಿಂದ ಟೇಬಲ್ ಎಷ್ಟೇ ದೊಡ್ಡದಿದ್ದರೂ ಕ್ಷಣದಲ್ಲಿ ಮುಗಿಯುತ್ತದೆ. ಆ ಕ್ಷಣಕ್ಕೆ ಟೇಬಲ್‌ನ ಮೇಲೆ ಬೇರೆ ಯಾವ ಕೆಲಸವೂ ನಡೆಯದಂತೆ ಲಾಕ್ ಬೀಳುತ್ತದೆ. ಟೇಬಲ್‌ನ ಹೆಸರು ಬದಲಾದರೂ ಅದರ ಇಂಡೆಕ್ಸ್, ಸೀಕ್ವೆನ್ಸ್, ನಿರ್ಬಂಧಗಳು ಹಳೆಯ ಹೆಸರಿನಲ್ಲೇ ಉಳಿಯುತ್ತವೆ. ಅವನ್ನು ಒಂದೊಂದಾಗಿ, ಅದೇ ಮೈಗ್ರೇಶನ್‌ನೊಳಗೆ ಬದಲಿಸಬೇಕು.